ಐದು ವರ್ಷದಲ್ಲಿ 1,500 ಮೆಗಾವ್ಯಾಟ್ ಸೋಲಾರ್: ಮೊದಲು ಏನು ಕಟ್ಟಬೇಕು?

ಹೊಸಬೆಳಕು

ಎಲ್ಲರಿಗೂ ನಮಸ್ಕಾರ. ಇಂಧನ ಯೋಜನೆ ಓದುತ್ತಿರುವ ನಾವು ಕೆಲವರು ಸೇರಿ ಒಂದು ಊಹೆಯ ದೇಶಕ್ಕೆ ವಿದ್ಯುತ್ ಯೋಜನೆ ಬರೆಯುತ್ತಿದ್ದೇವೆ. ದೇಶದಲ್ಲಿ ಹಣ ಕಡಿಮೆ, ಬೇಡಿಕೆ ಮಾತ್ರ ಏರುತ್ತಲೇ ಇದೆ. ಸಂಜೆ ಏಳೂವರೆಗೆ ಪೀಕ್ ಲೋಡ್, ಅಂದರೆ ದಿನದ ಅತಿ ಹೆಚ್ಚಿನ ಬೇಡಿಕೆ, 2,000 ಮೆಗಾವ್ಯಾಟ್, ಮಧ್ಯಾಹ್ನ 1,400. ದಿನಕ್ಕೆ ಸುಮಾರು 3.12 ಕೋಟಿ ಯೂನಿಟ್ ಖರ್ಚು. ಜಲವಿದ್ಯುತ್ 1,200 ಮೆಗಾವ್ಯಾಟ್ ಇದೆ. ಉಳಿದದ್ದು ಫರ್ನೇಸ್ ಆಯಿಲ್ ಅನ್ನೋ ದಪ್ಪ ಎಣ್ಣೆ ಸುಡುವ ಘಟಕಗಳು. ಹತ್ತು ಮನೆಯಲ್ಲಿ ನಾಲ್ಕಕ್ಕೆ ಇನ್ನೂ ಕರೆಂಟೇ ಬಂದಿಲ್ಲ. ಬಿಸಿಲು, ಗಾಳಿ ಎರಡೂ ಚೆನ್ನಾಗಿರುವ ಜಾಗ ರಾಜಧಾನಿಯಿಂದ 400 ಕಿಲೋಮೀಟರ್ ದೂರ.

ಸರ್ಕಾರ "ಐದು ವರ್ಷದಲ್ಲಿ 1,500 ಮೆಗಾವ್ಯಾಟ್ ಸೋಲಾರ್" ಅಂತ ಘೋಷಣೆ ಮಾಡಿದೆ ಅಂದುಕೊಳ್ಳಿ. ಇಲ್ಲಿಂದಲೇ ನಮ್ಮಲ್ಲಿ ವಾದ ಶುರು. ನನಗೆ ಈ ಗುರಿ ಬರೆದ ರೀತಿಯೇ ಸರಿ ಕಾಣುತ್ತಿಲ್ಲ. ಯಾವ ಗಂಟೆಗೆ ಎಷ್ಟು ಕರೆಂಟ್ ಬೇಕು, ಅದು ಯಾವ ತಂತಿಯಲ್ಲಿ ಬರುತ್ತದೆ ಅನ್ನೋದರಿಂದ ಶುರು ಮಾಡಬೇಕು ಅನ್ನಿಸುತ್ತದೆ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಹಗಲುಬಿಸಿಲು

ನಾನು ಒಪ್ಪೋದಿಲ್ಲ. ಕರೆಂಟ್ ಇಲ್ಲದ ದೇಶಕ್ಕೆ ಮೊದಲು ಬೇಕಾಗಿರೋದು ಕರೆಂಟ್. ಸೋಲಾರ್ ಪಾರ್ಕ್ ಒಂದೆರಡು ವರ್ಷದಲ್ಲಿ ಎದ್ದು ನಿಲ್ಲುತ್ತದೆ. ಅಷ್ಟು ಬೇಗ ಬರುವ ಬೇರೆ ದೊಡ್ಡ ಘಟಕ ಯಾವುದಿದೆ? ಎಣ್ಣೆಗೆ ಪ್ರತಿ ತಿಂಗಳೂ ಡಾಲರ್ ಕೊಡಬೇಕು. ಬಿಸಿಲಿಗೆ ಕೊಡಬೇಕಿಲ್ಲ.

ವಿಯೆಟ್ನಾಂ ನೋಡಿ. 2016ರ ಅವರ ಯೋಜನೆಯಲ್ಲಿ 2020ಕ್ಕೆ ಇಟ್ಟುಕೊಂಡ ಸೋಲಾರ್ ಗುರಿ ಬರೀ 850 ಮೆಗಾವ್ಯಾಟ್. 2017ರಲ್ಲಿ ಯೂನಿಟ್‌ಗೆ 9.35 ಅಮೆರಿಕನ್ ಸೆಂಟ್ ಖಚಿತ ದರ ಕೊಡ್ತೀವಿ ಅಂದರು. 2020ರ ಕೊನೆಗೆ ಛಾವಣಿ ಸೋಲಾರ್ ಸೇರಿ ಸುಮಾರು 16,500 ಮೆಗಾವ್ಯಾಟ್ ಬಂತು. ಯೋಜನೆಯ ಪುಸ್ತಕ ಹಿಡಿದು ಕೂತಿದ್ದರೆ ಅದು ಆಗುತ್ತಿರಲಿಲ್ಲ.

ಕಂಟ್ರೋಲ್‌ರೂಂ

ನಾನು ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ, ಅಂದರೆ ಯಾವ ಘಟಕ ಯಾವಾಗ ಎಷ್ಟು ಕರೆಂಟ್ ಕೊಡಬೇಕು ಅಂತ ನೋಡಿಕೊಳ್ಳುವ ಕಡೆ, ಕೆಲಸ ಮಾಡಿ ನಿವೃತ್ತನಾದವನು. ಹೊಸಬೆಳಕು ಅವರು ಕೊಟ್ಟ ಅಂಕಿಗಳಲ್ಲೇ ಒಂದು ದಿನ ನಡೆಸಿ ನೋಡೋಣ.

ಒಳ್ಳೆ ಬಿಸಿಲಿನ ನಾಡಿನಲ್ಲಿ ಒಂದು ಮೆಗಾವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ 4,800 ಯೂನಿಟ್ ಕೊಡುತ್ತದೆ ಅಂತಿಟ್ಟುಕೊಳ್ಳಿ. 1,500 ಮೆಗಾವ್ಯಾಟ್‌ಗೆ 72 ಲಕ್ಷ ಯೂನಿಟ್. ದೇಶದ ದಿನದ ಖರ್ಚಿನಲ್ಲಿ ನಾಲ್ಕನೇ ಒಂದು ಭಾಗಕ್ಕೆ ಹತ್ತಿರ. ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಆದರೆ ಈ 72 ಲಕ್ಷ ಯಾವ ಹೊತ್ತಿಗೆ ಬರುತ್ತದೆ ನೋಡಿ.

ಮಧ್ಯಾಹ್ನ ಸೋಲಾರ್ 1,200 ಮೆಗಾವ್ಯಾಟ್ ಕೊಡುತ್ತಿದೆ. ಅಣೆಕಟ್ಟಿನ ಕೆಳಗಿನ ಊರುಗಳಿಗೆ, ಹೊಲಗಳಿಗೆ ನೀರು ಬಿಡಲೇಬೇಕು. ಆ ನೀರು ಟರ್ಬೈನ್ ಮೂಲಕವೇ ಹೋಗಲಿ ಅಂದರೆ 250 ಮೆಗಾವ್ಯಾಟ್ ಆಯಿತು. ಆಯಿಲ್ ಘಟಕದ ಬಾಯ್ಲರ್ ಪೂರ್ತಿ ಆರಿಸಿದರೆ ಸಂಜೆಗೆ ಸಿಗೋದಿಲ್ಲ. ತಣ್ಣಗಾದ ಬಾಯ್ಲರ್ ಕಾಯಿಸಿ ಗ್ರಿಡ್‌ಗೆ, ಅಂದರೆ ದೇಶದ ವಿದ್ಯುತ್ ಜಾಲಕ್ಕೆ, ಹೊಂದಿಸಿ ಜೋಡಿಸೋಕೆ ಗಂಟೆಗಟ್ಟಲೆ ಬೇಕು. ಹಾಗಾಗಿ ಕನಿಷ್ಠ ಮಟ್ಟದಲ್ಲಿ 150 ಮೆಗಾವ್ಯಾಟ್ ಓಡುತ್ತಲೇ ಇರುತ್ತದೆ. ಒಟ್ಟು 1,600. ಲೋಡ್ 1,400. ಉಳಿದ 200 ಎಲ್ಲಿ ಹೋಗಬೇಕು?

ಉತ್ಪಾದನೆ ಲೋಡ್‌ಗಿಂತ ಜಾಸ್ತಿ ಆದರೆ ಗ್ರಿಡ್‌ನ ಫ್ರೀಕ್ವೆನ್ಸಿ ಏರುತ್ತದೆ; ಸ್ಕ್ರೀನ್ ಮೇಲೆ ಅದು 50 ಹರ್ಟ್ಸ್‌ನಿಂದ ಮೇಲೆ ಹೋಗೋಕೆ ಶುರುವಾಗುತ್ತದೆ. ಶಿಫ್ಟ್‌ನಲ್ಲಿರುವ ಎಂಜಿನಿಯರ್ ಫೋನ್ ಎತ್ತಿ ಸೋಲಾರ್ ಪಾರ್ಕ್‌ಗೆ "ಬ್ಯಾಕ್ ಡೌನ್ ಮಾಡಿ", ಅಂದರೆ ಉತ್ಪಾದನೆ ಇಳಿಸಿ, ಅಂತಾರೆ. ಆಕಾಶದಲ್ಲಿ ಒಂದು ಮೋಡ ಇಲ್ಲ, ಪ್ಯಾನೆಲ್‌ಗಳು ತಯಾರಿವೆ, ಕರೆಂಟ್ ತೆಗೆದುಕೊಳ್ಳೋಕೆ ಜಾಗ ಇಲ್ಲ.

ಈಗ ಸಂಜೆ. ನಾಲ್ಕು ಗಂಟೆಗೆ ಲೋಡ್ 1,500, ಸೋಲಾರ್ 900. ಅಂದರೆ ಬೇರೆ ಘಟಕಗಳ ಮೇಲೆ 600. ಏಳೂವರೆಗೆ ಸೋಲಾರ್ ಸೊನ್ನೆ, ಲೋಡ್ 2,000. ಮೂರೂವರೆ ಗಂಟೆಯಲ್ಲಿ 1,400 ಮೆಗಾವ್ಯಾಟ್ ಮೇಲೆತ್ತಬೇಕು. ಗಂಟೆಗೆ 400. ಅಣೆಕಟ್ಟು ಇರೋದರಿಂದ ಇದು ಸಾಧ್ಯ. ನೀರಿನ ಟರ್ಬೈನ್ ನಿಮಿಷಗಳಲ್ಲಿ ಲೋಡ್ ತಗೊಳ್ಳುತ್ತದೆ. ಅಣೆಕಟ್ಟು ಇಲ್ಲದ ದೇಶದಲ್ಲಿ ಇದೇ ಸಂಜೆ ಫೀಡರ್ ಫೀಡರ್ ಆಗಿ, ಅಂದರೆ ಒಂದೊಂದು ಪ್ರದೇಶಕ್ಕೆ ಹೋಗುವ ಲೈನ್ ಆಫ್ ಮಾಡುತ್ತಾ, ಲೋಡ್ ಶೆಡ್ಡಿಂಗ್ ಮಾಡಬೇಕಾಗುತ್ತದೆ.

ಆದ್ದರಿಂದ 1,500 ಅನ್ನೋ ಅಂಕಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಇನ್ನೂ ಮೂರು ಅಂಕಿ ಇಲ್ಲದೆ ಅದಕ್ಕೆ ಅರ್ಥ ಬರೋದಿಲ್ಲ: ಮಧ್ಯಾಹ್ನದ ಲೋಡ್, ಸಂಜೆಯ ಏರಿಕೆ, ತಂತಿಯ ಸಾಮರ್ಥ್ಯ.

ಹಗಲುಬಿಸಿಲು

ಸರ್, 200 ಮೆಗಾವ್ಯಾಟ್ ಒಂದೆರಡು ಗಂಟೆ ವೇಸ್ಟ್ ಆದರೆ ಆಗಲಿ ಬಿಡಿ. ವರ್ಷಕ್ಕೆ ಲೆಕ್ಕ ಹಾಕಿದರೆ ಸಣ್ಣ ಪಾಲು. ಉಳಿದ ಸೋಲಾರ್ ಎಣ್ಣೆ ಉಳಿಸುತ್ತದಲ್ವಾ?

ಕಂಟ್ರೋಲ್‌ರೂಂ

ಖಂಡಿತ ಉಳಿಸುತ್ತದೆ. ಸ್ವಲ್ಪ ಬ್ಯಾಕ್ ಡೌನ್ ಎಲ್ಲ ದೇಶದಲ್ಲೂ ಇರುತ್ತದೆ, ಅದನ್ನು ಸೊನ್ನೆಗೆ ತರೋಕೆ ಹೋದರೆ ಖರ್ಚೇ ಜಾಸ್ತಿ. ನನ್ನ ಚಿಂತೆ ತಂತಿಯದು. ವಿಯೆಟ್ನಾಂನಲ್ಲಿ ಪ್ಯಾನೆಲ್‌ಗಳು ಬಂದದ್ದು ಹೆಚ್ಚಾಗಿ ನಿನ್ ಥುವಾನ್, ಬಿನ್ ಥುವಾನ್ ಕಡೆ, ದಕ್ಷಿಣದಲ್ಲಿ. ಅಲ್ಲಿನ ಲೈನ್‌ಗಳು ತುಂಬಿ ಹೋಗಿ ಹೊಸ ಘಟಕಗಳೇ ಉತ್ಪಾದನೆ ಇಳಿಸಬೇಕಾಯಿತು. 2023ರ ಬೇಸಿಗೆಯಲ್ಲಿ ಉತ್ತರದ ಜಲಾಶಯಗಳು ತಳ ಕಂಡವು. ಕೈಗಾರಿಕೆಗಳಿಗೆ ಕರೆಂಟ್ ಕಡಿತ ಆಯಿತು. ಅದೇ ಹೊತ್ತಿಗೆ ದಕ್ಷಿಣದಲ್ಲಿ ಬಿಸಿಲೂ ಇತ್ತು, ಪ್ಯಾನೆಲ್ಲೂ ಇತ್ತು. ಉತ್ತರಕ್ಕೆ ಬೇಕಾದಷ್ಟು ಕಳಿಸೋಕೆ ಲೈನ್ ಸಾಲಲಿಲ್ಲ. ದೇಶದ ಮಧ್ಯಭಾಗದ ಕ್ವಾಂಗ್ ಟ್ರಾಕ್‌ನಿಂದ ಉತ್ತರದ ಫೋ ನೋಯ್‌ವರೆಗಿನ ಸುಮಾರು 519 ಕಿಲೋಮೀಟರ್‌ನ 500 ಕೆವಿ ಲೈನ್ ಮುಗಿದದ್ದು 2024ರ ಆಗಸ್ಟ್‌ನಲ್ಲಿ.

ನೀವು ಹೇಳಿದ ವೇಗ ನಿಜ. ಅಷ್ಟೇ ವೇಗ ಲೈನ್‌ಗೆ ಇರಲಿಲ್ಲ ಅನ್ನೋದೂ ನಿಜ.

ನೆಲದಮಾತು

ಲೈನ್ ವಿಷಯಕ್ಕೆ ಕೆನ್ಯಾದ ಉದಾಹರಣೆ ಇನ್ನೂ ಸ್ಪಷ್ಟ. ತುರ್ಕಾನಾ ಸರೋವರದ ಹತ್ತಿರ 310 ಮೆಗಾವ್ಯಾಟ್ ಗಾಳಿ ವಿದ್ಯುತ್, 365 ಗಾಳಿಯಂತ್ರ. 2017ರಲ್ಲಿ ಯಂತ್ರಗಳೆಲ್ಲ ಕಟ್ಟಿ ಮುಗಿದಿದ್ದವು. ನೈರೋಬಿ ಕಡೆಯ ಸುಸ್ವಾ ಸಬ್‌ಸ್ಟೇಷನ್‌ಗೆ ಹೋಗುವ 400 ಕಿಲೋಮೀಟರ್‌ಗೂ ಉದ್ದದ ಲೈನ್ ಮುಗಿದು ಕರೆಂಟ್ ಹರಿದದ್ದು 2018ರ ಸೆಪ್ಟೆಂಬರ್‌ನಲ್ಲಿ. ಮಧ್ಯೆ ಲೈನ್ ಕಟ್ಟುತ್ತಿದ್ದ ಗುತ್ತಿಗೆ ಕಂಪನಿಯೇ ದಿವಾಳಿ ಎದ್ದಿತು. ಲೈನ್ ಕೊಡೋದು ಸರ್ಕಾರದ ಹೊಣೆ ಅಂತ ಒಪ್ಪಂದದಲ್ಲಿ ಇದ್ದ ಕಾರಣ, ಹರಿಯದ ಕರೆಂಟ್‌ಗೂ ಸರ್ಕಾರವೇ ಪರಿಹಾರ ತೆರಬೇಕಾಯಿತು.

ಜನ ಆಮೇಲೆ ಬಿಲ್ ನೋಡಿ "ಗಾಳಿ ಕರೆಂಟ್ ದುಬಾರಿ" ಅಂತಾರೆ. ಗಾಳಿಯಂತ್ರದ ತಪ್ಪು ಅದರಲ್ಲಿ ಏನೂ ಇಲ್ಲ.

ಇನ್ನೊಂದು ಮಾತು, ನನಗೆ ಇದು ಎಲ್ಲಕ್ಕಿಂತ ಮುಖ್ಯ. ಜಮೀನು. ಅದೇ ತುರ್ಕಾನಾ ಯೋಜನೆಗೆ ಸುಮಾರು 1,50,000 ಎಕರೆ ಸಾಮೂಹಿಕ ಮೇವಿನ ನೆಲದ ಹಕ್ಕುಪತ್ರ ಕೊಟ್ಟ ರೀತಿ ಕಾನೂನುಬಾಹಿರ ಅಂತ 2021ರಲ್ಲಿ ಮೇರುವಿನ ನ್ಯಾಯಾಲಯ ಹೇಳಿತು. ಕೆನ್ಯಾದ್ದೇ ಕಿನಂಗೋಪ್‌ನಲ್ಲಿ 60 ಮೆಗಾವ್ಯಾಟ್ ಗಾಳಿ ಯೋಜನೆ ಹಣವೆಲ್ಲ ಹೊಂದಿಸಿಕೊಂಡ ಮೇಲೂ ರೈತರ ವಿರೋಧದಿಂದ 2016ರಲ್ಲಿ ರದ್ದಾಯಿತು. ನಕ್ಷೆಯಲ್ಲಿ "ಖಾಲಿ ಜಾಗ" ಅಂತ ಕಾಣುವಲ್ಲಿ ಯಾರೋ ದನ, ಒಂಟೆ ಮೇಯಿಸುತ್ತಿರುತ್ತಾರೆ. ಅವರ ಹೆಸರು ಯಾವ ದಾಖಲೆಯಲ್ಲೂ ಇರೋದಿಲ್ಲ. ಹಾಗಂತ ಅದು ಖಾಲಿ ಆಗಿಬಿಡುತ್ತಾ? ಯೋಜನೆ ಬರೆಯುವ ಮೊದಲ ವರ್ಷದಲ್ಲೇ ಅವರ ಹತ್ತಿರ ಹೋಗಬೇಕು. ಟೆಂಡರ್ ಆದ ಮೇಲೆ ಹೋದರೆ ಅದು ಮಾತುಕತೆ ಆಗೋದಿಲ್ಲ, ಸುಮ್ನೆ ವಿಷಯ ತಿಳಿಸಿ ಬರೋದು ಅಷ್ಟೇ. ಕೊಳ್ಳುವ ಬದಲು ಗುತ್ತಿಗೆಗೆ ತಗೊಂಡು ವರ್ಷ ವರ್ಷ ಬಾಡಿಗೆ ಕೊಟ್ಟರೆ ಜನಕ್ಕೆ ಯೋಜನೆ ಉಳಿಯಲಿ ಅನ್ನೋ ಕಾರಣವಾದರೂ ಇರುತ್ತದೆ. ಗಾಳಿಯಂತ್ರಗಳ ಮಧ್ಯೆ ಮೇವಿಗೆ ಬಿಡಬಹುದು. ಅದನ್ನು ಬಾಯಿ ಮಾತಲ್ಲಿ ಬಿಡದೆ ಕರಾರಿನಲ್ಲೇ ಬರೆಸಬೇಕು.

ಬಡ್ಡಿಲೆಕ್ಕ

ನಾನು ಯೋಜನೆಗಳ ಸಾಲದ ಕಡತ ನೋಡುವ ಕೆಲಸದಲ್ಲಿದ್ದೇನೆ. ಇಲ್ಲಿಯವರೆಗೆ ಯಾರೂ ಬಡ್ಡಿಯ ವಿಷಯ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಎಣ್ಣೆ ಘಟಕದಲ್ಲಿ ಖರ್ಚಿನ ದೊಡ್ಡ ಪಾಲು ಇಂಧನ, ಅದು ವರ್ಷ ವರ್ಷ ಹೋಗುತ್ತದೆ. ಸೋಲಾರ್, ಗಾಳಿಯಲ್ಲಿ ಬಹುತೇಕ ಖರ್ಚು ಮೊದಲ ದಿನವೇ. ಹಾಗಾಗಿ ಕರೆಂಟ್ ದರ ಅಂದರೆ ಹೆಚ್ಚುಕಮ್ಮಿ ಸಾಲದ ಕಂತು. 100 ಡಾಲರ್ ಹೂಡಿಕೆಗೆ 25 ವರ್ಷದ ಕಂತು ನೋಡಿ. ಬಡ್ಡಿ ಶೇ. 5 ಇದ್ದರೆ ವರ್ಷಕ್ಕೆ ಸುಮಾರು 7.1 ಡಾಲರ್. ಶೇ. 12 ಆದರೆ 12.75. ಅದೇ ಪ್ಯಾನೆಲ್, ಅದೇ ಬಿಸಿಲು, ಕಂತು ಮಾತ್ರ ಶೇ. 80ರಷ್ಟು ಜಾಸ್ತಿ. ಬಡ ದೇಶಗಳಲ್ಲಿ ಬಿಸಿಲು ಹೆಚ್ಚಿದ್ದರೂ ಕರೆಂಟ್ ಅಷ್ಟು ಅಗ್ಗ ಆಗದಿರೋಕೆ ಇದು ದೊಡ್ಡ ಕಾರಣ.

ಬಡ್ಡಿ ಯಾಕೆ ಜಾಸ್ತಿ? ಸಾಲ ಕೊಡುವವರು ಮೊದಲು ಕೇಳೋದು ಕರೆಂಟ್ ಕೊಳ್ಳುವವರು ಯಾರು ಅಂತ. ಸರಬರಾಜು ಸಂಸ್ಥೆಯ ಲೆಕ್ಕಪತ್ರ ಬಿಚ್ಚಿ ಕೂರುತ್ತಾರೆ. ಕೊಂಡ ಕರೆಂಟ್‌ನಲ್ಲಿ ಐದನೇ ಒಂದು ಭಾಗ ತಂತಿಯಲ್ಲಿ, ಕಳ್ಳತನದಲ್ಲಿ ಸೋರಿ, ಉಳಿದದ್ದರ ಬಿಲ್ಲೂ ಪೂರ್ತಿ ವಸೂಲಾಗದಿದ್ದರೆ ಆ ಸಂಸ್ಥೆಯ ಸಹಿಗೆ ಬೆಲೆ ಎಷ್ಟು? ಆಗ ಸರ್ಕಾರದ ಗ್ಯಾರಂಟಿ ಬೇಕು ಅಂತಾರೆ. ಅದರ ಮೇಲೆ ದರ ಡಾಲರ್‌ನಲ್ಲಿ ಇರಲಿ ಅಂತಾರೆ. ಸ್ಥಳೀಯ ನಾಣ್ಯ ಕುಸಿದಾಗ ಆ ಹೊರೆ ಪೂರ್ತಿ ಬಂದು ಬೀಳೋದು ಸರಬರಾಜು ಸಂಸ್ಥೆಯ ಮೇಲೆ, ಕೊನೆಗೆ ಜನರ ಬಿಲ್ ಮೇಲೆ.

ನನ್ನ ಸಲಹೆ ಇಷ್ಟು. ಮೊದಲ ಹಣದಲ್ಲಿ ಒಂದು ಪಾಲು ಮೀಟರ್‌ಗೆ, ಹಳೆ ಟ್ರಾನ್ಸ್‌ಫಾರ್ಮರ್ ಬದಲಿಸೋಕೆ, ಬಿಲ್ ವಸೂಲಿಗೆ ಇಡಿ. ಅದು ನವೀಕರಿಸಬಹುದಾದ ಇಂಧನದ ಖರ್ಚು ಅಂತ ಯಾರೂ ಕರೆಯೋದಿಲ್ಲ. ಆದರೆ ಆಮೇಲೆ ಬರುವ ಪ್ರತಿ ಮೆಗಾವ್ಯಾಟ್‌ನ ಬಡ್ಡಿ ಇಳಿಸೋದು ಅದೇ.

ಹಗಲುಬಿಸಿಲು

ಮೇಡಂ, ಈ ಬಡ್ಡಿಯ ಲೆಕ್ಕ ನಾನು ಹೀಗೆ ನೋಡಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ಖಚಿತ ದರವೇ ಒಳ್ಳೇದಲ್ವಾ? ದರ ಗೊತ್ತಿದ್ದರೆ ಸಾಲ ಸುಲಭ.

ಬಡ್ಡಿಲೆಕ್ಕ

ಶುರುವಿನಲ್ಲಿ ಸಣ್ಣ ಪ್ರಮಾಣಕ್ಕೆ ಸರಿ. ದೊಡ್ಡದಕ್ಕೆ ಹರಾಜು ಮೇಲು, ಅಂದರೆ ಕಡಿಮೆ ದರಕ್ಕೆ ಕರೆಂಟ್ ಕೊಡ್ತೀವಿ ಅಂದವರಿಗೆ ಯೋಜನೆ. ದಕ್ಷಿಣ ಆಫ್ರಿಕಾ 2011ರಲ್ಲಿ ಹರಾಜು ಶುರು ಮಾಡಿತು. ನಾಲ್ಕು ಸುತ್ತಿನಲ್ಲಿ ಸೋಲಾರ್ ದರ ಮೊದಲ ಸುತ್ತಿನ ಮೂರನೇ ಒಂದು ಭಾಗಕ್ಕೂ ಕೆಳಗೆ ಬಂತು. ಜಾಂಬಿಯಾದಲ್ಲಿ 2016ರ ಹರಾಜಿನಲ್ಲಿ ಯೂನಿಟ್‌ಗೆ 6.02 ಸೆಂಟ್ ದರ ಬಂತು. ಹಲವು ದೇಶಗಳು ಸೇರಿ ನಡೆಸುವ ಅಭಿವೃದ್ಧಿ ಬ್ಯಾಂಕಿನ ಬೆಂಬಲ, ಸಿದ್ಧ ಒಪ್ಪಂದದ ಕರಡು ಎರಡೂ ಅಲ್ಲಿದ್ದವು.

ಆದರೆ ಹರಾಜು ಗೆದ್ದರೆ ಮುಗಿಯಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಸರ್ಕಾರಿ ವಿದ್ಯುತ್ ಸಂಸ್ಥೆ ಸಹಿ ಹಾಕದೆ ಹೊಸ ಒಪ್ಪಂದಗಳು ವರ್ಷಗಟ್ಟಲೆ ನಿಂತವು. 27 ಯೋಜನೆಗಳಿಗೆ ಸಹಿ ಬಿದ್ದದ್ದು 2018ರ ಏಪ್ರಿಲ್‌ನಲ್ಲಿ. ಆ ನಡುವೆ ಅಲ್ಲಿ ಬೆಳೆಯುತ್ತಿದ್ದ ಬಿಡಿಭಾಗದ ಕಾರ್ಖಾನೆಗಳು ಬಾಗಿಲು ಹಾಕಿದವು. ಕೆಲಸ ಕಲಿತ ಜನ ಚದುರಿದರು. ಪ್ರತಿ ವರ್ಷ ಅಷ್ಟಷ್ಟೇ ಹರಾಜು, ತಪ್ಪದೆ, ಮೊದಲೇ ಹೇಳಿದ ತಿಂಗಳಲ್ಲಿ ನಡೆಯಬೇಕು. ಒಮ್ಮೆ 1,500 ಅಂದು ಆಮೇಲೆ ಮೂರು ವರ್ಷ ಸುಮ್ಮನಿದ್ದರೆ ಉದ್ಯಮ ಉಳಿಯೋದಿಲ್ಲ.

ಕಂಟ್ರೋಲ್‌ರೂಂ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅದೇ ದೇಶದ 2022ರ ಆರನೇ ಸುತ್ತಿನಲ್ಲಿ ಗಾಳಿಗೆ ಒಂದು ಯೋಜನೆಯೂ ಸಿಗಲಿಲ್ಲ. ಗಾಳಿ ಚೆನ್ನಾಗಿರುವ ಕೇಪ್ ಪ್ರಾಂತ್ಯಗಳ ಲೈನ್‌ಗಳಲ್ಲಿ ಜಾಗವೇ ಉಳಿದಿರಲಿಲ್ಲ. ಹೂಡುವವರು ಇದ್ದರು, ಗಾಳಿ ಇತ್ತು. ಮತ್ತೆ ತಂತಿಯೇ.

ದೂರದಹಳ್ಳಿ

ಎಲ್ಲರೂ ಗ್ರಿಡ್ ಮಾತಾಡುತ್ತಿದ್ದೀರಿ. ಹತ್ತರಲ್ಲಿ ನಾಲ್ಕು ಮನೆಗೆ ಕರೆಂಟೇ ಇಲ್ಲ ಅಂತ ಮೊದಲ ಪೋಸ್ಟ್‌ನಲ್ಲೇ ಇತ್ತು. ಅವರು 400 ಕಿಲೋಮೀಟರ್ ಲೈನ್ ಮುಗಿಯುವ ತನಕ ಸೀಮೆಎಣ್ಣೆ ದೀಪದಲ್ಲೇ ಇರಬೇಕಾ?

ಬಾಂಗ್ಲಾದೇಶ 2003ರಿಂದ ಮನೆ ಮನೆಗೆ ಸಣ್ಣ ಸೋಲಾರ್ ಕಿಟ್ ಕೊಟ್ಟಿತು, ಕಂತಿನ ಮೇಲೆ. ಒಂದು ಪ್ಯಾನೆಲ್, ಒಂದು ಬ್ಯಾಟರಿ, ಮೂರ್ನಾಲ್ಕು ಬಲ್ಬು, ಮೊಬೈಲ್ ಚಾರ್ಜಿಂಗ್. 40 ಲಕ್ಷಕ್ಕೂ ಹೆಚ್ಚು ಮನೆಗೆ ತಲುಪಿತು. ಗ್ರಿಡ್ ಬಂದ ಮೇಲೆ ಮಾರಾಟ ಕುಸಿಯಿತು ನಿಜ. ಆದರೆ ಅಷ್ಟು ವರ್ಷ ಮಕ್ಕಳು ದೀಪದಲ್ಲಿ ಓದಿದರು. ಅದನ್ನು ನಷ್ಟದ ಪಟ್ಟಿಗೆ ಹಾಕೋಕೆ ನಾನು ಒಪ್ಪೋದಿಲ್ಲ.

ಯೋಜನೆಯಲ್ಲಿ ಮಾಡಬೇಕಾದ್ದು ಏನಂದರೆ, ಯಾವ ಹಳ್ಳಿಗೆ ಯಾವ ವರ್ಷ ಲೈನ್ ಬರುತ್ತದೆ ಅಂತ ನಕ್ಷೆ ಹೊರಗೆ ಹಾಕೋದು. ಮೂರು ವರ್ಷದಲ್ಲಿ ಬರುವಲ್ಲಿ ಮನೆ ಕಿಟ್ ಸಾಕು. ಹತ್ತು ವರ್ಷ ಬರದಿರುವ, ಮನೆಗಳು ಒತ್ತೊತ್ತಾಗಿರುವ ಊರಿಗೆ ಮಿನಿ ಗ್ರಿಡ್, ಅಂದರೆ ಆ ಊರಿಗಷ್ಟೇ ಕರೆಂಟ್ ಕೊಡುವ ಸಣ್ಣ ಜಾಲ. ಹಿಟ್ಟಿನ ಗಿರಣಿ, ನೀರಿನ ಪಂಪ್ ಓಡುವಷ್ಟು ಇರಬೇಕು. ಮಿನಿ ಗ್ರಿಡ್ ಹಾಕಿದವರಿಗೆ ಇರುವ ದೊಡ್ಡ ಭಯ, ನಾಳೆ ಸರ್ಕಾರದ ಲೈನ್ ಬಂದರೆ ನಮ್ಮ ಗತಿ ಏನು ಅನ್ನೋದು. ತಾಂಜಾನಿಯಾದ ನಿಯಮಗಳಲ್ಲಿ ಇದಕ್ಕೆ ದಾರಿ ಇದೆ. ಲೈನ್ ಬಂದಾಗ ಅವರು ಗ್ರಿಡ್‌ಗೆ ಕರೆಂಟ್ ಮಾರಬಹುದು, ಇಲ್ಲವೇ ಗ್ರಿಡ್‌ನಿಂದ ಕೊಂಡು ಊರಿಗೆ ಹಂಚಬಹುದು. ಈ ನಿಯಮ ಮೊದಲೇ ಬರೆದಿಟ್ಟರೆ ಸಾಲವೂ ಸಿಗುತ್ತದೆ.

ಹೊಸಬೆಳಕು

ನಕ್ಷೆ ಹೊರಗೆ ಹಾಕುವ ಮಾತು ನಮ್ಮ ಕರಡಿನಲ್ಲಿ ಇರಲೇ ಇಲ್ಲ, ಸೇರಿಸುತ್ತೇವೆ. ಇನ್ನೊಂದು ಪ್ರಶ್ನೆ. ಬೇಡಿಕೆ ವರ್ಷಕ್ಕೆ ಶೇ. 8 ಬೆಳೆಯುತ್ತದೆ ಅಂತ ಇಟ್ಟುಕೊಂಡಿದ್ದೇವೆ. ಸರಿಯಾ?

ಬಡ್ಡಿಲೆಕ್ಕ

ಒಂದೇ ಅಂಕಿ ಇಡಬೇಡಿ. ಘಾನಾ ಕರೆಂಟ್ ಕೊರತೆಯ ಹೊತ್ತಿನಲ್ಲಿ ಹೆದರಿ ಸಿಕ್ಕಸಿಕ್ಕ ಒಪ್ಪಂದಕ್ಕೆಲ್ಲ ಸಹಿ ಹಾಕಿತು. ತಗೊಂಡರೂ ಬಿಟ್ಟರೂ ಹಣ ಕೊಡುವ ಷರತ್ತು. 2019ರಲ್ಲಿ ಅಲ್ಲಿನ ಹಣಕಾಸು ಸಚಿವರೇ ಹೇಳಿದ ಪ್ರಕಾರ, ಬಳಸದ ಕರೆಂಟ್‌ಗೆ ವರ್ಷಕ್ಕೆ 50 ಕೋಟಿ ಡಾಲರ್‌ಗೂ ಜಾಸ್ತಿ ಹೋಗುತ್ತಿತ್ತು. ಅವು ಹೆಚ್ಚಾಗಿ ಗ್ಯಾಸ್, ಎಣ್ಣೆ ಘಟಕಗಳು. ಆದರೆ ಷರತ್ತು ಅದೇ ಇದ್ದರೆ ಸೋಲಾರ್‌ನಲ್ಲೂ ಅದೇ ಆಗುತ್ತದೆ.

ಪಾಕಿಸ್ತಾನದಲ್ಲಿ ಇನ್ನೊಂದು ತರಹ. ಗ್ರಿಡ್ ದರ ಏರಿತು, ಪ್ಯಾನೆಲ್ ಅಗ್ಗವಾಯಿತು, 2024ರ ಒಂದೇ ವರ್ಷ ಸುಮಾರು 17,000 ಮೆಗಾವ್ಯಾಟ್‌ನಷ್ಟು ಪ್ಯಾನೆಲ್ ಆಮದಾಯಿತು. ಹಣ ಇದ್ದವರು ಛಾವಣಿಗೆ ಹಾಕಿಕೊಂಡು ಗ್ರಿಡ್ ಬಳಕೆ ಇಳಿಸಿದರು. ಹಳೆ ಘಟಕಗಳಿಗೆ ಕೊಡಬೇಕಾದ ಸ್ಥಿರ ಹಣ ಹಾಗೇ ಉಳಿಯಿತು. ಪ್ಯಾನೆಲ್ ಹಾಕಿಸಿಕೊಳ್ಳಲಾಗದವರ ಬಿಲ್ ಮೇಲೆ ಆ ಭಾರ ಬೀಳುತ್ತದೆ. ನಿಮ್ಮ ಯೋಜನೆಯಲ್ಲಿ ಛಾವಣಿ ಸೋಲಾರ್ ಅನ್ನು ಸರ್ಕಾರ ಕೊಡುವ ಅಂಕಿ ಅಂತ ನೋಡಬೇಡಿ. ಅದು ತಾನಾಗೇ ಬರುತ್ತದೆ. ಕಡಿಮೆ, ಮಧ್ಯಮ, ಜಾಸ್ತಿ ಅಂತ ಮೂರು ದಾರಿ ಬರೆದು, ಮೂರರಲ್ಲೂ ಬೇಕಾಗುವ ಕೆಲಸವನ್ನು ಮೊದಲು ಮಾಡಿ.

ನೆಲದಮಾತು

ಮೂರರಲ್ಲೂ ಬೇಕಾಗುವ ಕೆಲಸ ಅಂದರೆ ಲೈನ್‌ನ ದಾರಿ ಸರ್ವೆ, ಜನರ ಒಪ್ಪಿಗೆ, ಗಾಳಿಯ ಅಳತೆ. ಗಾಳಿಯಂತ್ರದ ಎತ್ತರದಲ್ಲಿ ಕನಿಷ್ಠ ಒಂದು ಪೂರ್ತಿ ವರ್ಷ ಅಳೆಯದೆ ಯಾವ ಬ್ಯಾಂಕೂ ಹತ್ತಿರ ಬರೋದಿಲ್ಲ.

ಹಗಲುಬಿಸಿಲು

ಸರಿ, ಲೈನ್ ಮುಖ್ಯ ಅಂತ ಒಪ್ಪಿದೆ. ಆದರೆ ಲೈನ್‌ಗೆ ಐದಾರು ವರ್ಷ ಬೇಕು. ಅಲ್ಲಿಯವರೆಗೆ ಎಣ್ಣೆ ಸುಡುತ್ತಾ ಕೂರೋದಾ? ಅದನ್ನು ಒಪ್ಪೋಕೆ ಆಗಲ್ಲ.

ಕಂಟ್ರೋಲ್‌ರೂಂ

ಬೇಡವೇ ಬೇಡ. ಈಗಾಗಲೇ ಲೈನ್ ಇರುವ ಜಾಗ ಒಂದಿದೆ: ಅಣೆಕಟ್ಟು. ಅಲ್ಲಿನ ಸ್ವಿಚ್‌ಯಾರ್ಡ್ (ಕರೆಂಟ್ ಲೈನ್‌ಗೆ ಸೇರುವ ಜಾಗ) ಪೀಕ್ ಹೊತ್ತಿನ ಪೂರ್ತಿ ಕರೆಂಟ್ ಹೊರುವಂತೆ ಕಟ್ಟಿದ್ದಾರೆ. ಮಧ್ಯಾಹ್ನ ಟರ್ಬೈನ್ ಇಳಿಸಿದರೆ ಆ ಲೈನ್ ಅರ್ಧಕ್ಕರ್ಧ ಖಾಲಿ. ಪಕ್ಕದ ಬರಡು ನೆಲದಲ್ಲೋ, ನೀರಿನ ಮೇಲೆ ತೇಲುವಂತೆಯೋ 300 ಮೆಗಾವ್ಯಾಟ್ ಸೋಲಾರ್ ಹಾಕಿ. ಹೊಸ ಲೈನ್ ಬಹುಪಾಲು ಬೇಕಿಲ್ಲ. ಘಾನಾದ ಬುಯಿಯಲ್ಲಿ 404 ಮೆಗಾವ್ಯಾಟ್ ಜಲವಿದ್ಯುತ್ ಕೇಂದ್ರದ ಪಕ್ಕ 50 ಮೆಗಾವ್ಯಾಟ್ ಸೋಲಾರ್ ಹೀಗೇ ಸೇರಿಸಿದ್ದಾರೆ.

ಲಾಭ ಎರಡು. ಮಧ್ಯಾಹ್ನ ಸೋಲಾರ್ ಕೊಟ್ಟಷ್ಟು ನೀರು ಜಲಾಶಯದಲ್ಲೇ ಉಳಿದು ಸಂಜೆಗೆ ಸಿಗುತ್ತದೆ. ಬರಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಜಾಂಬಿಯಾದ ವಿದ್ಯುತ್‌ನಲ್ಲಿ ಶೇ. 80ಕ್ಕೂ ಹೆಚ್ಚು ನೀರಿನದ್ದು. 2024ರ ಬರದಲ್ಲಿ ಕರಿಬಾ ಜಲಾಶಯ ತಗ್ಗಿದಾಗ ದಿನದ ಬಹುಪಾಲು ಹೊತ್ತು ಕರೆಂಟ್ ಇರಲಿಲ್ಲ. ಟರ್ಬೈನ್‌ಗಳೇನೋ ಇದ್ದವು, ತಿರುಗಿಸೋಕೆ ನೀರಿರಲಿಲ್ಲ. ನೀರನ್ನೇ ನಂಬಿದ ದೇಶಕ್ಕೆ ಸೋಲಾರ್ ಮೊದಲು ಕೊಡೋದು ಈ ಭದ್ರತೆ.

ಹಗಲುಬಿಸಿಲು

ಇದು ನನಗೆ ಒಪ್ಪಿಗೆ. ಈ ವರ್ಷವೇ ಟೆಂಡರ್ ಕರೆಯಬಹುದಾದ ಕೆಲಸ.

ದೂರದಹಳ್ಳಿ

ತೇಲುವ ಸೋಲಾರ್ ಹಾಕುವಾಗ ಮೀನು ಹಿಡಿಯುವವರನ್ನು ಮರೆಯಬೇಡಿ. ಜಲಾಶಯದಲ್ಲಿ ಅವರ ಬಲೆ ಎಲ್ಲಿ ಬೀಳುತ್ತದೆ ಅಂತ ಅವರನ್ನೇ ಕೇಳಿ ಜಾಗ ಗುರುತಿಸಬೇಕು.

ಹೊಸಬೆಳಕು

ಬ್ಯಾಟರಿ ಬಗ್ಗೆ ಯಾರೂ ಹೇಳಲಿಲ್ಲ. 2010ಕ್ಕೆ ಹೋಲಿಸಿದರೆ ದರ ಹತ್ತನೇ ಒಂದು ಭಾಗದ ಹತ್ತಿರ ಬಂದಿದೆ. ಲೈನ್ ಬಂದು ಪೂರ್ತಿ 1,500 ಆದ ದಿನ ಆ 200 ಮೆಗಾವ್ಯಾಟ್ ಹೆಚ್ಚುವರಿ ಇದ್ದೇ ಇರುತ್ತದಲ್ಲ, ಅದಕ್ಕೆ ಎಷ್ಟು ಬ್ಯಾಟರಿ ಬೇಕು, ಎಲ್ಲಿಡಬೇಕು?

ಕಂಟ್ರೋಲ್‌ರೂಂ

200ಕ್ಕೆ 200 ಬೇಕಿಲ್ಲ. 150 ಮೆಗಾವ್ಯಾಟ್, ನಾಲ್ಕು ಗಂಟೆ ಅಂತ ತಗೊಳ್ಳಿ. ಆರು ಲಕ್ಷ ಯೂನಿಟ್. ರಾಜಧಾನಿ ಪಕ್ಕದ ಸಬ್‌ಸ್ಟೇಷನ್‌ನಲ್ಲಿ ಇಡಿ.

ಆ 150 ಮೆಗಾವ್ಯಾಟ್ ಆಯಿಲ್ ಘಟಕವನ್ನು ಮಧ್ಯಾಹ್ನ ಯಾಕೆ ಓಡಿಸುತ್ತಿದ್ದೆವು? ಸಂಜೆಗೆ ಬೇಕು ಅಂತ, ಯಾವುದಾದರೂ ಘಟಕ ಟ್ರಿಪ್ ಆಗಿ ಇದ್ದಕ್ಕಿದ್ದಂತೆ ನಿಂತರೆ ತಕ್ಷಣ ಕೈಗೆ ಸಿಗಲಿ ಅಂತ. ಬ್ಯಾಟರಿ ಒಂದು ಸೆಕೆಂಡಿನೊಳಗೆ ಲೋಡ್ ತಗೊಳ್ಳುತ್ತದೆ, ಸಂಜೆಯ ನಾಲ್ಕು ಗಂಟೆಯನ್ನೂ ನೋಡಿಕೊಳ್ಳುತ್ತದೆ. ಹಾಗಾಗಿ ಸಾಮಾನ್ಯ ದಿನಗಳಲ್ಲಿ ಆ ಬಾಯ್ಲರ್ ಆರಿಸಬಹುದು. ಭಾರವಾದ ಯಂತ್ರಗಳು ತಿರುಗುತ್ತಿದ್ದರೆ ಫ್ರೀಕ್ವೆನ್ಸಿ ತಟ್ಟನೆ ಏರುಪೇರಾಗೋದಿಲ್ಲ; ಅದಕ್ಕೆ ಬೇಕಾದಷ್ಟು ತೂಕವನ್ನು ನೀರಿನ ಯಂತ್ರಗಳು ಕೊಡುತ್ತಿವೆಯಾ ಅಂತ ಸ್ಟಡಿ ಮಾಡಿಸಿ, ಆಮೇಲೆ ಆರಿಸಿ. ಹೆಚ್ಚುವರಿ 200ರಿಂದ 50ಕ್ಕೆ ಇಳಿಯಿತು. ಆ 50 ಬ್ಯಾಟರಿಗೆ ಹೋಗುತ್ತದೆ. ಅದಕ್ಕೆ ಇನ್ನೂ 100 ಮೆಗಾವ್ಯಾಟ್ ಚಾರ್ಜಿಂಗ್‌ಗೆ ಜಾಗ ಇದೆ. ಬ್ಯಾಕ್ ಡೌನ್ ಫೋನ್ ಮಾಡಬೇಕಾಗೋದು ಲೋಡ್ ಇಳಿಯುವ ರಜಾ ದಿನಗಳಲ್ಲಿ ಮಾತ್ರ.

ಗಾಳಿ ಅಳತೆ ಬಂದ ಮೇಲೆ ಇದೇ ಲೆಕ್ಕ ಮತ್ತೆ ಮಾಡಿ. ರಾತ್ರಿ ಬೀಸುವ ಗಾಳಿ ಆದರೆ 1,500ರಲ್ಲಿ ಒಂದಷ್ಟು ಗಾಳಿಗೆ ಬಿಟ್ಟುಕೊಡೋದೇ ಲಾಭ. ಫೀಡರ್‌ಗಳ ಗಂಟೆವಾರು ಲೋಡ್ ಸಿಕ್ಕರೆ ಇಲ್ಲಿ ಹಾಕಿ, ಬೇಸಿಗೆಯ ಒಂದು ದಿನ, ಮಳೆಗಾಲದ ಒಂದು ದಿನ ಎರಡನ್ನೂ ಕೂತು ನಡೆಸಿ ನೋಡೋಣ.

ಹೊಸಬೆಳಕು

ಹಾಕುತ್ತೇನೆ ಸರ್. ಮಳೆಗಾಲದ ದಿನವನ್ನೇ ಮೊದಲು ನೋಡೋಣ. ಅಣೆಕಟ್ಟು ತುಂಬಿ ನೀರು ಬಿಡಲೇಬೇಕಾದಾಗ ಆ 250 ಮೆಗಾವ್ಯಾಟ್ ಎಷ್ಟಕ್ಕೆ ಏರುತ್ತದೆ ಅನ್ನೋದು ನಮ್ಮ ಕರಡಿನಲ್ಲಿ ಇನ್ನೂ ಇಲ್ಲ.